ಹವಾಲ್ದಾರರು ತರಿಸಿದ ಬಸ್ಸು

ತೊಗರಿಬೇಳೆ ತರಲು ಹೋದ ನನ್ನ ಗಂಡ ಸೈಟು ಬುಕ್ ಮಾಡಿಕೊಂಡು ಬಂದರು. ಬೇಳೆ ಮಾತ್ರ ಮರೆತಿದ್ದರು.

ಎರಡು ಸಾವಿರದ ದಶಕದ ನಡುವಿನ ಮಾತು. ಆಗ ನಾವು ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಬಾಡಿಗೆಗಿದ್ದೆವು. ಗದಗದ ಕಡೆಯ ಮಾಜಿ ಹವಾಲ್ದಾರರೊಬ್ಬರು ಶನಿವಾರ ಶನಿವಾರ ವ್ಯಾನಿನಲ್ಲಿ ದಿನಸಿ ತರುತ್ತಿದ್ದರು. ಬೇಳೆ ಚೀಲದ ಪಕ್ಕದಲ್ಲೇ ಊರಂಚಿನ ಕ್ರೇಗಿಬರ್ನಿನ ಹೊಸ ಬಡಾವಣೆಯ ನಕ್ಷೆ ಹರಡಿರುತ್ತಿತ್ತು. ಹೀಗೆ ಹಿಟ್ಟಿಗೋ ಹುಣಸೆಹಣ್ಣಿಗೋ ಹೋಗಿ ಸಿಕ್ಕಿಬಿದ್ದವರು ನಾವೊಬ್ಬರೇ ಅಲ್ಲ. ಈಗ ಕನ್ನಡ ಸಂಘದವರು ಆ ಹವಾಲ್ದಾರರನ್ನು ಊರು ಕಟ್ಟಿದ ಹಿರಿಯರೆಂದು ಕರೆದು ಶಾಲು ಹೊದಿಸುತ್ತಾರೆ. ಹೊದಿಸಲಿ ಬಿಡಿ. ನಾವು ಹೋದಾಗ ಅಲ್ಲಿದ್ದದ್ದು ಹುಲ್ಲು, ಗಾಳಿ ಮತ್ತು ಅವರ ಬಾಯಿ.

ಹದಿನೇಳು ವರ್ಷ ಸೈನ್ಯದಲ್ಲಿದ್ದವರು. ಯುದ್ಧ ನೋಡಿದ್ದೀರಾ ಎಂದು ಯಾರಾದರೂ ಕಣ್ಣರಳಿಸಿ ಕೇಳಿದರೆ, "ಇಲ್ರೀ, ನಾ ರೇಷನ್ ಸ್ಟೋರ್‌ನ್ಯಾಗ ಅಕ್ಕಿ ತೂಗತಿದ್ದೆ" ಎಂದು ನಿರಾಸೆ ಮಾಡುತ್ತಿದ್ದರು. ನರ್ಸ್ ಹೆಂಡತಿಯ ವೀಸಾದ ಬಾಲ ಹಿಡಿದು ಸಿಡ್ನಿಗೆ ಬಂದು, ರೌಸ್ ಹಿಲ್ ಕಡೆ ಮನೆಮನೆಗೆ ಮಸಾಲೆ ಪುಡಿ ಮಾರಿ, ಅಲ್ಲಿನ ಅಂಗಡಿ ರೆಂಟ್ ಕೇಳಿ ಹೌಹಾರಿ ಮೆಲ್ಬರ್ನಿಗೆ ಓಡಿಬಂದಿದ್ದರು. ಕ್ರೇಗಿಬರ್ನಿನಲ್ಲಿ ಅಂಗಡಿಯೇನೋ ಸಿಕ್ಕಿತು, ಗಿರಾಕಿಗಳಿರಲಿಲ್ಲ. ಗಿರಾಕಿ ಬೇಕೆಂದರೆ ಸುತ್ತ ಊರು ಬೇಕು. ಸರಿ, ಊರನ್ನೇ ಕಟ್ಟಲು ಹೊರಟರು.

"ಸ್ಟೇಷನ್‌ಗೆ ಬಸ್ ಬರ್ತೈತ್ರಿ, ಮುಂದಿನ ತಿಂಗಳ" ಎಂದು ನನ್ನ ಗಂಡನಿಗೆ ಆಣೆ ಮಾಡಿ ಹೇಳಿದ್ದರು. ಯುದ್ಧದ ವಿಷಯದಲ್ಲಿ ಅಷ್ಟು ಸತ್ಯವಂತರಾದವರು ಬಸ್ಸಿನ ವಿಷಯದಲ್ಲಿ ಸುಳ್ಳು ಹೇಳುತ್ತಾರೆಂದು ಯಾರಿಗೆ ಗೊತ್ತು?

ಮನೆ ಕಟ್ಟಿಸಿ ಅಲ್ಲಿಗೆ ಹೋದ ಮೇಲೆ ಆ ಸುಳ್ಳು ನನ್ನ ಕುತ್ತಿಗೆಗೆ ಬಂತು. ಎರಡು ವರ್ಷ ಅರ್ಜಿ ಹಾಕಿ ಹಾಕಿ ಸಿಟಿಯ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತ್ತು. ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾಗಿದ್ದೆ. ಮೂರನೆಯ ಸಲ ಪರೀಕ್ಷಕರು ಅರ್ಧದಾರಿಯಲ್ಲಿ ಸ್ಟಿಯರಿಂಗ್‌ಗೇ ಕೈ ಹಾಕಿದ್ದರು. ಗಂಡನ ಆಫೀಸು ಇನ್ನೊಂದು ದಿಕ್ಕಿಗೆ. ಸ್ಟೇಷನ್‌ಗೆ ಐವತ್ತು ನಿಮಿಷ ನಡಿಗೆ, ಮುಖಕ್ಕೆ ಹೊಡೆಯುವ ಚಳಿಗಾಳಿ. ತಡವಾಗಿ ಹೋಗಿ ಎರಡು ಸಲ ಎಚ್ಚರಿಕೆ ಕೇಳಿಸಿಕೊಂಡೆ. ಮೂರನೆಯ ಸಲಕ್ಕೆ ಕೆಲಸ ಹೋಗುವುದು ಖಚಿತವಿತ್ತು. ನೇರ ಅಂಗಡಿಗೆ ನುಗ್ಗಿದೆ.

"ಎಲ್ರೀ ನಿಮ್ಮ ಬಸ್ಸು? ನಾವಿಲ್ಲಿಗೆ ಬಂದೇ ಆರು ತಿಂಗಳಾಯ್ತು. ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ?"

"ಸುಳ್ಳ ಹೇಳಿದ್ದು ಖರೇ ಅಕ್ಕಾರ," ಎಂದರು, ತಕ್ಕಡಿಯಿಂದ ಕಣ್ಣೆತ್ತದೆ. "ಬಸ್ ಐತಿ ಅಂದ್ರ ಮಂದಿ ಬರ್ತಾರ, ಮಂದಿ ಬಂದ್ರ ಬಸ್ ಬರ್ತೈತಿ. ಯಾವುದರ ಒಂದು ಮೊದಲ ಆಗಬೇಕಲ್ರೀ?"

ಕೈಯಲ್ಲಿದ್ದ ತೆಂಗಿನಕಾಯಿಯನ್ನು ಅವರ ತಲೆಯ ಮೇಲೇ ಒಡೆಯಬೇಕೆನಿಸಿತು. ಆದರೆ ಅಂದಿನಿಂದಲೇ ಅವರು ಬಸ್ ಕಂಪನಿಗೆ ಪತ್ರದ ಮೇಲೆ ಪತ್ರ ಬರೆದರು. ಕಾಟ ತಡೆಯಲಾರದೆ ಅಲ್ಲಿಂದ ಉತ್ತರ ಬಂತು: ಎಷ್ಟು ಜನಕ್ಕೆ ಬಸ್ ಬೇಕೆಂದು ನೋಡಲು ಮಂಗಳವಾರ ಬೆಳಿಗ್ಗೆ ಅಧಿಕಾರಿಯೊಬ್ಬರು ಬರುತ್ತಾರೆ.

ಮಂಗಳವಾರ ಅಂಗಡಿಯ ಮುಂದೆ ಮೂವತ್ತು ಜನ ಸಾಲಾಗಿ ನಿಂತಿದ್ದೆವು. ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಕಾರಿತ್ತು. ಅವನ್ನು ಹಿಂದಿನ ಬೀದಿಯಲ್ಲಿ ಬಚ್ಚಿಟ್ಟು ಬಂದಿದ್ದರು. ಅಧಿಕಾರಿಯ ಕಾರು ತಿರುವಿನಲ್ಲಿ ಕಂಡದ್ದೇ ತಡ, ಹವಾಲ್ದಾರರ ಬಾಯಿಂದ ಹಳೆಯ ಅಭ್ಯಾಸ ಸಿಡಿಯಿತು: "ಸಾವಧಾನ್!" ಮೂವತ್ತೂ ಜನ ನೆಟ್ಟಗಾದೆವು. ಒಬ್ಬ ಸಾಫ್ಟ್‌ವೇರ್ ಮಹಾಶಯರು ಸೆಲ್ಯೂಟನ್ನೂ ಹೊಡೆದರು. ಪಾಪದ ಅಧಿಕಾರಿ ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಯಿಂದಲೇ ತಲೆ ಎಣಿಸಿಕೊಂಡು ಹೊರಟುಹೋದರು.

ಕೆಲವೇ ವಾರಗಳಲ್ಲಿ ಬಸ್ಸು ಬಂದೇಬಿಟ್ಟಿತು. ಮೊದಲ ದಿನ ಮೊದಲು ಹತ್ತಿದವಳು ನಾನು. ನನ್ನ ಕೆಲಸ ಉಳಿಯಿತು. ಬಸ್ಸಿದೆಯೆಂದು ಇನ್ನಷ್ಟು ಮನೆಗಳೆದ್ದವು, ಗಾಳಿಯೇ ಇದ್ದಲ್ಲಿ ಮಕ್ಕಳ ಗಲಾಟೆ ಕೇಳತೊಡಗಿತು.

ಆದರೆ ಆ ಬಸ್ಸು ಹೋಗಿ ನಿಲ್ಲುವ ಸ್ಟೇಷನ್ನಿನ ಪಕ್ಕದಲ್ಲಿ ದೊಡ್ಡ ಇಂಡಿಯನ್ ಅಂಗಡಿಯೊಂದು ತೆರೆಯಿತು. ಅಲ್ಲಿ ತಾಜಾ ನುಗ್ಗೆಕಾಯಿ, ಕರಿಬೇವು, ಬೇಕಾದ್ದೆಲ್ಲ ಸಿಗುತ್ತಿತ್ತು. ಒಬ್ಬೊಬ್ಬರೇ ಅಲ್ಲಿಗೆ ಹೊರಳಿದರು. ನಾನೂ ಹೊರಳಿದೆ, ಸುಳ್ಳೇಕೆ.

ಒಂದು ಸಂಜೆ ಎರಡೂ ಕೈಯಲ್ಲಿ ಅಲ್ಲಿಯ ಚೀಲ ಹಿಡಿದು ಬಸ್ಸಿಳಿದೆ. ಹವಾಲ್ದಾರರು ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ನರಪಿಳ್ಳೆಯಿರಲಿಲ್ಲ. ಚೀಲಗಳನ್ನು ಬೆನ್ನ ಹಿಂದೆ ಸರಿಸಿದೆ. ನುಗ್ಗೆಕಾಯಿ ಭುಜದ ಮೇಲಿಂದ ಇಣುಕುತ್ತಿತ್ತು. ಅವರು ನೋಡಿದರು. ಬೈದುಬಿಡಲಿ ಎಂದು ಕಾದೆ. ಹಿಂದೆ ನಾನು ಬೈದದ್ದಕ್ಕೆ ಬಡ್ಡಿ ಸಮೇತ ತೀರಿಸಿಬಿಡಲಿ ಎನಿಸಿತು. ಅಷ್ಟು ನಾಚಿಕೆಯಾಗಿತ್ತು ನನಗೆ.

ಅವರು ಎದ್ದು ನಿಂತು ರಸ್ತೆಯತ್ತ ನೋಡಿದರು. "ಬಸ್ ಟೈಮಿಗೆ ಬಂತೇನ್ರೀ ಅಕ್ಕಾರ?"

"ಬಂತು ಸರ್," ಎಂದೆ. "ಕರೆಕ್ಟ್ ಟೈಮಿಗೆ ಬಂತು."

ಬಸ್ಸು ಅಂದು ಇಪ್ಪತ್ತು ನಿಮಿಷ ತಡವಾಗಿತ್ತು.