ನೂರು ವೋಲ್ಟಿನ ತಿಮ್ಮು

ಹಾರವಾಡದಲ್ಲಿ ಸಂಜೆಯ ಬಲ್ಬುಗಳು ಬೆಳಗುತ್ತಿರಲಿಲ್ಲ, ನಾಚುತ್ತಿದ್ದವು. ಊರೆಲ್ಲ ಒಟ್ಟಿಗೆ ಸ್ವಿಚ್ಚು ಒತ್ತಿದ ಕೂಡಲೇ ವೋಲ್ಟೇಜು ಕುಸಿದು, ಗಾಜಿನೊಳಗಿನ ತಂತಿ ಕೆಂಡದ ಹಾಗೆ ಕೆಂಪಾಗುತ್ತಿತ್ತು. ಊರವರು ಕರೆಂಟ್ ಆಫೀಸಿನವರಿಗೆ ಶಾಪ ಹಾಕುತ್ತಿದ್ದರು. ತಿಮ್ಮು ಒಬ್ಬನೇ ಆ ಕೆಂಪನ್ನು ನೋಡಿ "ಹಾಂ, ಈಗ ಹದ" ಎಂದು ಕಾಲು ಮಡಚಿ ಟಿವಿ ಮುಂದೆ ಕೂರುತ್ತಿದ್ದ.

ಕೇಣಿಯ ಐಸ್ ಪ್ಲಾಂಟಿನಲ್ಲಿ ದುಡಿಯುವ ಈ ತಣ್ಣನೆಯ ಮನುಷ್ಯನಿಗೆ ಬಿಸಿಯೇರುತ್ತಿದ್ದುದು ವಿಡಿಯೋ ಗೇಮಿನ ವಿಷಯಕ್ಕೆ ಮಾತ್ರ. ಹುಡುಗನಾಗಿದ್ದಾಗ ಕಾರವಾರದಿಂದ ಹಟ ಮಾಡಿ ತರಿಸಿಕೊಂಡ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಎಂದು ಬರೆದಿತ್ತು. ಒಳಗಿದ್ದದ್ದು ಏಳು. ಮಿಕ್ಕವೆಲ್ಲ ಅವೇ ಏಳು, ಅಂಗಿ ಬದಲಿಸಿಕೊಂಡು ಬಂದವು. ಅಂದು ಆಟದ ಕಂಪನಿಗಳ ಮೇಲೆ ಹುಟ್ಟಿದ ಅನುಮಾನ ಗಡ್ಡದ ಜೊತೆಗೇ ಬೆಳೆಯಿತು.

ಅಂಕೋಲೆಯಲ್ಲಿ ಸೈಬರ್ ಕೆಫೆ ಇಟ್ಟಿದ್ದ ಸತೀಶ ಈ ಗಡ್ಡವನ್ನು ಆಗಾಗ ಎಳೆಯಲು ಬರುತ್ತಿದ್ದ. ಎರಡು ಸಾವಿರದ ಏಳರಲ್ಲಿ ಹಾಗೆಯೇ ಒಂದು ದಿನ ಬಂದ.

"ತಿಮ್ಮಣ್ಣಾ, ಮೂರನೇ ಪ್ಲೇಸ್ಟೇಷನ್ ಬಂದದೆ. ಚಿತ್ರ ನೋಡಿದ್ರೆ ನಿಜದ್ದೇ ಸೈ."

"ಎಷ್ಟಂತೆ?"

"ನಲ್ವತ್ತು ಸಾವ್ರ."

"ಅಷ್ಟಕ್ಕೆ ದೋಣಿಗೆ ಎಂಜಿನ್ನು ಬತ್ತದೆ ಮಾರಾಯಾ. ಎಂಜಿನ್ನು ಬಂಗಡೆ ಮೀನು ತಂದ್ಕೊಡ್ತದೆ. ಇದು ಎಂತ ತಂದ್ಕೊಡ್ತದೆ?"

"ಖುಷಿ."

"ಈ ಆಟದ ಮಶೀನಿನ ಹೆಸರಲ್ಲೇ ಅದೆ ನೋಡು, ಕನ್‌ಸೋಲು. ಗೆಲ್ಲೂದು ಕಂಪನಿ, ಕೊಂಡವ್ನಿಗೆ ಸೋಲು. ಮಶೀನು ನಷ್ಟಕ್ಕೆ ಕೊಡೂದು ಎಂತಕೆ ಹೇಳು? ಗಾಳಕ್ಕೆ ಸಿಗಡಿ ಚುಚ್ಚಿದ ಹಂಗೆ. ಆಮೇಲೆ ಒಂದೊಂದು ಡಿಸ್ಕಿಗೂ ನಿನ್ನ ಎಳೀತ್ರು. ನೀ ಸುಸ್ತಾಗೂ ಹೊತ್ತಿಗೆ ಹಳೇ ಮಶೀನಿಗೆ ಹೊಸ ಆಟ ಮಾಡೂದೇ ಬಿಟ್ಬಿಡ್ತ್ರು. ನಂಗೆ ಈ ಎರಡನೇದೇ ಸಾಕು. ಇನ್ನೊಂದು ಕೊಂಡ್ರೆ ನನ್ನ ಹೆಸರು ತಿಮ್ಮು ಅಲ್ಲ."

"ಇದು ಸತ್ತೋದ್ರೆ?"

"ಸಾಯೂಕೆ ಇದು ನಿನ್ನ ಕೆಫೆಯ ಮೌಸಾ?"

ಸತೀಶ ನಕ್ಕ. ತಿಮ್ಮು ನಗಲಿಲ್ಲ. ಅವನ ಕಣ್ಣು ಬಲ್ಬಿನ ಮೇಲಿತ್ತು.

ಸಂಗತಿ ಹೀಗಿತ್ತು. ತಿಮ್ಮುವಿನ ಆ ಎರಡನೇ ಪ್ಲೇಸ್ಟೇಷನ್ ಮಶೀನನ್ನು ಹಡಗಿನಲ್ಲಿ ಕೆಲಸ ಮಾಡುವ ಭಾವ, ಅಂದರೆ ಹೆಂಡತಿ ರಕ್ಷಿತಾಳ ಅಣ್ಣ, ಜಪಾನಿನಿಂದ ತಂದುಕೊಟ್ಟಿದ್ದ. ಅಲ್ಲಿಯ ಕರೆಂಟು ನೂರು ವೋಲ್ಟು, ನಮ್ಮದು ಇನ್ನೂರ ಮೂವತ್ತು. ನಮ್ಮದನ್ನು ಇಳಿಸಿ ಕೊಡಲು ಭಾವ ಒಂದು ಭಾರದ ಕಬ್ಬಿಣದ ಪೆಟ್ಟಿಗೆಯನ್ನೂ ಕೊಟ್ಟಿದ್ದ. ಆದರೆ ಹಾರವಾಡದ ಸಂಜೆಯ ಕರೆಂಟು ಬರುವಾಗಲೇ ಅರ್ಧವಾಗಿರುತ್ತಿತ್ತು. ಪೆಟ್ಟಿಗೆ ಅದನ್ನು ಮತ್ತೆ ಅರ್ಧ ಮಾಡಿದರೆ ಮಶೀನು ಕಣ್ಣೇ ಬಿಡುತ್ತಿರಲಿಲ್ಲ. ತಿಮ್ಮು ಪೆಟ್ಟಿಗೆಯನ್ನು ಬಾಗಿಲು ಬಡಿಯದಂತೆ ಅಡ್ಡ ಇಟ್ಟ. ಜಪಾನಿನ ಚಪ್ಪಟೆ ಪಿನ್ನು ಕತ್ತರಿಸಿ, ವಯರುಗಳನ್ನು ಟಿವಿಯ ಬೋರ್ಡಿಗೆ ನೇರ ತೂರಿಸಿ, ಬೆಂಕಿಕಡ್ಡಿ ಸಿಕ್ಕಿಸಿದ. ಮಶೀನು ಓಡಿತು. ಊರಿನ ದರಿದ್ರವೇ ಅದರ ಆಹಾರವಾಯಿತು.

ಬೋರ್ಡಿಗೆ ಇದ್ದದ್ದು ಒಂದೇ ಸ್ವಿಚ್ಚು, ಟಿವಿ ಹಾಕಿದರೆ ಮಶೀನಿಗೂ ಕರೆಂಟು; ಅದು ಪೂರ್ತಿ ಕರೆಂಟಾದರೆ ಮಶೀನು ಸುಟ್ಟಂತೆಯೇ. ಹಾಗಾಗಿ ಮನೆಯಲ್ಲಿ ಎರಡು ಕಾಯಿದೆ: ಬಲ್ಬು ಕೆಂಪಾಗುವ ಮೊದಲು ಟಿವಿ ಇಲ್ಲ, ಆ ವಯರನ್ನು ಯಾರೂ ಮುಟ್ಟಕೂಡದು. ಏಕೆಂದು ರಕ್ಷಿತಾ ಕೇಳಿದರೆ "ಜಪಾನಿ ಮಶೀನು, ನಿಂಗೆ ತಿಳೀದು" ಎಂಬ ಉತ್ತರ. ಸಂಜೆ ಮಿಕ್ಸಿ ತಿರುಗದೆ ಅವಳು ಕಲ್ಲಿನಲ್ಲಿ ಕಾಯಿ ಅರೆಯುತ್ತಿದ್ದಳು. ಹೊಸ ಟ್ರಾನ್ಸ್‌ಫಾರ್ಮರ್ ಬೇಕೆಂದು ಊರವರೆಲ್ಲ ಆಫೀಸಿಗೆ ಹೋದ ದಿನ ತಿಮ್ಮುವಿಗೆ ಹೊಟ್ಟೆನೋವು ಬಂದಿತ್ತು.

ಆ ಹೊಟ್ಟೆನೋವು ನಿಜವಾಗಿ ಬಂದದ್ದು ಒಂದು ಶುಕ್ರವಾರ ಸಂಜೆ. ಪ್ಲಾಂಟಿನಲ್ಲಿ ಐಸ್ ಇಳಿಸುತ್ತಿದ್ದಾಗ ಸತೀಶನ ಫೋನು.

"ತಿಮ್ಮಣ್ಣಾ, ಪಾರ್ಟಿ ಯಾವಾಗ? ನಿಮ್ಮೂರ ಹೊಸ ಟ್ರಾನ್ಸ್‌ಫಾರ್ಮರ್ ಈಗ ಚಾಲೂ ಮಾಡ್ತ್ರಂತೆ. ಮಧ್ಯಾಹ್ನದಿಂದ ಲೈನು ತೆಗ್ದಿದ್ರು."

ತಿಮ್ಮುವಿನ ಕೈಯ ಐಸಿಗಿಂತ ಬೆನ್ನು ತಣ್ಣಗಾಯಿತು. ಸಂಜೆ ಕರೆಂಟು ಇಲ್ಲದಿದ್ದರೆ, ಬಂದದ್ದು ತಿಳಿಯಲಿ ಎಂದು ಟಿವಿಯ ಸ್ವಿಚ್ಚು ಹಾಕಿಯೇ ಇಡುವುದು ರಕ್ಷಿತಾಳ ರೂಢಿ. ಊರಿಗೇ ಅದು ರೂಢಿ. ಅವಳ ಮೊಬೈಲಿಗೆ ಹಚ್ಚಿದ. ಚಾರ್ಜಿಲ್ಲದೆ ಬಂದ್. ಪಕ್ಕದ ಮನೆಯ ಹೀರಕ್ಕನಿಗೆ ಹಚ್ಚಿದ. ರಿಂಗಾಯಿತು, ಮತ್ತೂ ರಿಂಗಾಯಿತು, ಯಾರೂ ಎತ್ತಲಿಲ್ಲ.

ಬೈಕು ಹತ್ತಿದ. ಹೆದ್ದಾರಿಯಲ್ಲಿ ಅದಿರಿನ ಲಾರಿಗಳ ಸಾಲು. ಒಂದನ್ನು ದಾಟಿದರೆ ಮುಂದೆ ಇನ್ನೊಂದರ ಕೆಂಪು ದೀಪ. ಕೆಂಪು ಕಂಡರೆ ನೆಮ್ಮದಿಪಡುವ ಮನುಷ್ಯ ಅಂದು ಮೊದಲ ಸಲ ಕೆಂಪಿಗೆ ಬೈದ. ಊರಿನ ತಿರುವಿಗೆ ಬಂದಾಗ ಮನೆಗಳೆಲ್ಲ ಕತ್ತಲಲ್ಲಿದ್ದವು. ಇನ್ನೂ ಬಂದಿಲ್ಲ! ಉಸಿರು ಬಿಟ್ಟ.

ಮನೆಯ ದಾರಿಗೆ ಅಡ್ಡವಾಗಿ ಊರೇ ನಿಂತಿತ್ತು. ಹೊಸ ಟ್ರಾನ್ಸ್‌ಫಾರ್ಮರಿಗೆ ಕುಂಕುಮ, ದಾಸವಾಳದ ಮಾಲೆ, ಊದುಬತ್ತಿ. ಲೈನ್‌ಮನ್ ಬೀರಾ ಕಂಬದ ಬುಡದಲ್ಲಿ ಕರೆಂಟು ಬಿಡುವ ಹಿಡಿಕೆಗೆ ಕೈಯಿಟ್ಟು ಕಾದಿದ್ದ. ಕಾಯಿ ಒಡೆದ ಕೂಡಲೇ ಹಿಡಿಕೆ ಎತ್ತುವುದು ಎಂದು ಮಾತಾಗಿತ್ತು. ತಡವಾಗಿ ಬಂದ ತಿಮ್ಮುವಿಗೆ ಮಾತ್ರ ಅದು ಗೊತ್ತಿರಲಿಲ್ಲ.

"ಬಂದ ನೋಡೇ, ಹೊಟ್ಟೆನೋವಿನ ಗಂಡು!" ಹೀರಕ್ಕ ಅವನ ತೋಳು ಹಿಡಿದಳು. "ಅಂದು ಬರ್ಲಿಲ್ಲ, ಇಂದು ಕಾಯಾದ್ರೂ ಒಡಿ."

"ಹೀರಕ್ಕಾ, ಬಿಡೇ. ಮನೆಗೆ ಅರ್ಜೆಂಟು ಹೋಗೂದದೆ."

"ಮತ್ತೆ ಹೊಟ್ಟೆಯಾ?"

ಜನ ನಕ್ಕರು. ತಿಮ್ಮು ಸುತ್ತ ನೋಡಿದ. ರಕ್ಷಿತಾ ಕಾಣಲಿಲ್ಲ. ನಿಜ ಹೇಳಿಬಿಡಲೇ? ನಿಮ್ಮ ದೀಪ ಮಂಕಾಗಿಯೇ ಇರಲಿ ಎಂದು ಇಷ್ಟು ದಿನ ಹಾರೈಸಿದವನು ನಾನು, ನನ್ನ ಆಟಕ್ಕಾಗಿ ಒಂದು ಗಳಿಗೆ ತಡೆಯಿರಿ ಎನ್ನಲೇ? ಕಲ್ಲಿನಲ್ಲಿ ಅರೆದು ಅರೆದು ಜಡ್ಡುಗಟ್ಟಿದ ಕೈಗಳು ಸುತ್ತಲೂ ಇದ್ದವು. ಒಡೆದು ಓಡಿದರಾಯಿತು, ಮನೆ ಇಲ್ಲೇ ಇದೆಯಲ್ಲ ಎಂದು ಲೆಕ್ಕ ಹಾಕಿದ. ಕಾಯಿ ಕಸಿದುಕೊಂಡು ಕಲ್ಲಿಗೆ ಅಪ್ಪಳಿಸಿದ.

ಕಾಯಿ ಎರಡು ಹೋಳು. ಬೀರಾ ಹಿಡಿಕೆ ಎತ್ತಿದ.

ಹಾರವಾಡ ಬೆಳ್ಳಗಾಯಿತು. ಜನ ಕೇಕೆ ಹಾಕಿದರು. ಹೀರಕ್ಕ ಅವನ ಬೆನ್ನು ತಟ್ಟಿ "ಒಳ್ಳೇ ಕೈಗುಣ ಮಾರಾಯಾ ನಿಂದು!" ಎಂದಳು.

ಮನೆಯೊಳಗೆ ಟ್ಯೂಬ್‌ಲೈಟು ಒಂದು ಸಲವೂ ಮಿಟುಕದೆ ಹತ್ತಿಕೊಂಡಿತ್ತು, ಅಡಿಗೆಮನೆಯಲ್ಲಿ ಮಿಕ್ಸಿ ಗರ್ಜಿಸುತ್ತಿತ್ತು. ಟಿವಿಯೊಳಗಿನ ಅತ್ತೆ ಸೊಸೆಯನ್ನು ಬೈಯುತ್ತಿದ್ದಳು. ಟಿವಿಯ ಕೆಳಗಿನ ಕಪ್ಪು ಮಶೀನಿನ ಬೆನ್ನಿನಿಂದ ಸಣ್ಣ ಹೊಗೆ ನೂಲಿನಂತೆ ಎದ್ದು ಫ್ಯಾನಿನ ಗಾಳಿಗೆ ಚೆದುರುತ್ತಿತ್ತು. ತಿಮ್ಮು ಸ್ವಿಚ್ಚು ಆರಿಸಿದ. ಅಭ್ಯಾಸಬಲದಿಂದ, ಅಷ್ಟೆ.

ರಕ್ಷಿತಾ ಮಿಕ್ಸಿ ನಿಲ್ಲಿಸಿ ಬಂದಳು. "ಟಪ್ ಅಂತ ಸದ್ದಾಯ್ತು. ಮುಟ್ಟಬೇಡ ಅಂದಿದ್ರಲ್ಲ, ಮುಟ್ಟಲಿಲ್ಲ."

"ಈ ಕಂಪನಿಯವ್ರು ಬೇಕಂತಲೇ..." ಎಂದು ಅವನು ಶುರುಮಾಡಿದ. ಅವಳು ಬಗ್ಗಿ ಬೋರ್ಡಿನಿಂದ ಕರಿಹಿಡಿದ ಬೆಂಕಿಕಡ್ಡಿ ಎಳೆದು ನೋಡಿದಳು. ಆಮೇಲೆ ಬಾಗಿಲಿಗೆ ಅಡ್ಡ ಇಟ್ಟಿದ್ದ ಕಬ್ಬಿಣದ ಪೆಟ್ಟಿಗೆಯನ್ನು ನೋಡಿದಳು.

"ಅಣ್ಣ ಇದನ್ನ ಎಂತಕೆ ಕೊಟ್ಟದ್ದು?"

ಆಟದ ಉದ್ಯಮದ ಬಗ್ಗೆ ತಿಮ್ಮುವಿನ ಅಭಿಪ್ರಾಯವೊಂದು ಮೊದಲ ಬಾರಿಗೆ ಅರ್ಧಕ್ಕೆ ನಿಂತಿತು.

ಊಟಕ್ಕೆ ಬಂಗಡೆ ಸಾರು. ಮಸಾಲೆ ಬೆಣ್ಣೆಯ ಹಾಗೆ ನುಣ್ಣಗಿತ್ತು. ಅವನು ಎರಡು ಸಲ ಹಾಕಿಸಿಕೊಂಡ. ಕೈ ತೊಳೆದು ಅಂಗಳಕ್ಕೆ ಹೋಗಿ, ಬೆಳ್ಳನೆಯ ಬಲ್ಬಿಗೆ ಬೆನ್ನು ಹಾಕಿ ನಿಂತು ಫೋನು ಹಚ್ಚಿದ.

"ಹೇಳು ತಿಮ್ಮಣ್ಣಾ."

"ಸತೀಶಾ..." ತಿಮ್ಮು ಅಡಿಗೆಮನೆಯತ್ತ ನೋಡಿ ದನಿ ತಗ್ಗಿಸಿದ. "ಆ ಮೂರನೇದು ಅದೆಯಲ್ಲ, ಅದು ಇನ್ನೂರ ಮೂವತ್ತು ತಡೀತದೆ, ಹೌದಾ?"