ಗೋವಾದ ಬಡಕಲು ಬೆಕ್ಕು

ಸವಣೂರಿನ ಅಲ್ಲಾಭಕ್ಷ ವೀಳ್ಯದೆಲೆಯ ಲಾರಿ ಓಡಿಸುವವ. ಮಹಾರಾಷ್ಟ್ರ, ಗೋವಾ, ಗುಜರಾತ, ತೆಲಂಗಾಣ ಎಲ್ಲ ಸುತ್ತಿದ್ದಾನೆ. ಯಾವ ರಾಜ್ಯ ಮುಂದೆ, ಯಾವುದು ಹಿಂದೆ ಎಂದು ಶಿಗ್ಗಾವಿಯ ಚಹಾದಂಗಡಿಯಲ್ಲಿ ಮಾತೆದ್ದರೆ ತೀರ್ಪು ಅವನದೇ. ಅವನ ಅಳತೆಗೋಲು ರಸ್ತೆಬದಿಯ ಹೋಟೆಲಿನ ಬೆಕ್ಕು.

“ಮಂದಿ ತಿಂದು ಉಳಿದದ್ದು ಬೆಕ್ಕಿಗೆ ಹೋಗ್ತೈತಿ. ಬೆಕ್ಕು ದಪ್ಪಿದ್ರ ಆ ರಾಜ್ಯ ಗಟ್ಟಿ ಐತಿ ಅಂತ ತಿಳೀರಿ!”

ಗುಜರಾತಿನ ಸಸ್ಯಾಹಾರಿ ಹೋಟೆಲಿನ ಬೆಕ್ಕಿಗೆ ಪಾಪ, ಬರೀ ಮಜ್ಜಿಗೆ ಸಿಗುತ್ತದೆಂದು ಆ ರಾಜ್ಯಕ್ಕೆ ಒಂದಿಷ್ಟು ಅಂಕ ತಾನೇ ಸೇರಿಸಿ ಕೊಡುತ್ತಿದ್ದ.

ಮಗಳು ಸುಮೇರಾ ಬಿ.ಎ.ದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಳು. “ಅಬ್ಬಾ, ತಲಾ ಆದಾಯ ನೋಡ್ತಾರ, ಸಾಕ್ಷರತೆ ನೋಡ್ತಾರ. ಬೆಕ್ಕು ಯಾವ ಪುಸ್ತಕದಾಗೂ ಇಲ್ಲ.”

“ಪುಸ್ತಕ ಬರದಾವ ಲಾರಿ ಹೊಡದಿಲ್ಲ, ಬಿಡ.”

ಹೋದ ವರ್ಷ ಮಡಗಾಂವದಿಂದ ಸುಮೇರಾಗೆ ಒಂದು ಸಂಬಂಧ ಬಂತು. ಹುಡುಗನದು ಮೊಬೈಲ್ ಅಂಗಡಿ. “ಅಷ್ಟು ದೂರ ಯಾಕ್ರಿ?” ಎಂದಳು ಹೆಂಡತಿ ರಮಜಾನಬಿ.

“ಗೋವಾ ಅಂದ್ರ ಏನ್ ತಿಳದೀ? ಹಾರನ್ ಹೊಡದ್ರೂ ಅಲ್ಲಿ ಬೆಕ್ಕು ಏಳಂಗಿಲ್ಲ, ಅಷ್ಟು ಸುಖ!”

ಸುಮೇರಾ “ನನ್ನ ಓದು ಮುಗೀಲಿ” ಅಂದದ್ದು ಅವನ ಕಿವಿಗೇ ಬೀಳಲಿಲ್ಲ.

ಮಡಗಾಂವದಲ್ಲಿ ಎಲೆ ಇಳಿಸಿ ನೇರ ಹುಡುಗನ ಮನೆಗೆ ಹೋದ. ದೊಡ್ಡ ಮನೆ, ಗೋಡೆ ತುಂಬ ಟಿವಿ. ದಾರಿಯುದ್ದಕ್ಕೂ ದಿಂಬಿನಂಥ ಬೆಕ್ಕು ನೋಡಿ ಹಿಗ್ಗಿದ್ದವನು ಈ ಮನೆಯ ಬೆಕ್ಕು ಕಂಡು ಕಣ್ಣುಜ್ಜಿಕೊಂಡ. ಹಿಂಡಿ ಒಣಹಾಕಿದ ಕಾಲುಚೀಲದ ಹಾಗಿತ್ತು. ಊಟಕ್ಕೆ ಕೂತಾಗ ಕಾರಣ ತಿಳಿಯಿತು. ಹುಡುಗನ ತಂದೆ ಮೀನಿನ ಮುಳ್ಳನ್ನು ನುಣ್ಣಗೆ ಚೀಪಿ, ನಾಳಿನ ಸಾರಿಗಾಯಿತೆಂದು ಡಬ್ಬಿಗೆ ತುಂಬಿಕೊಂಡ. ಆಮೇಲೆ ಅಲ್ಲಾಭಕ್ಷನ ತಟ್ಟೆಯ ಮುಳ್ಳಿಗೂ ಕೈ ಚಾಚಿದ!

ಅಲ್ಲಾಭಕ್ಷ ಕೈ ತೊಳೆದವನೇ ಲಾರಿ ಹತ್ತಿದ. ಹಾನಗಲ್ಲಿನಲ್ಲಿ ಚಹಾಕ್ಕೆ ನಿಲ್ಲಿಸಿದರೆ ಸೀಟಿನ ಹಿಂದಿನಿಂದ ‘ಮಿಯಾಂವ್’ ಎಂದಿತು. ಅದೇ ಕಾಲುಚೀಲ!

“ಯಾರ್ರಿ ಇವ, ಹೊಸಾ ಕ್ಲೀನರಾ?” ಎಂದ ಹೋಟೆಲಿನ ಕರಿಬಸಪ್ಪ. ಬೆಕ್ಕು ಬಟ್ಟಲು ಹಾಲು ಕುಡಿದು, ಅಲ್ಲಾಭಕ್ಷನ ಮಿರ್ಚಿ ಭಜಿಯ ಹಿಟ್ಟನ್ನೂ ಸುಲಿದು ತಿಂದಿತು.

ಮನೆ ಮುಟ್ಟಿದಾಗ ರಮಜಾನಬಿ ಸೊಂಟದ ಮೇಲೆ ಕೈಯಿಟ್ಟಳು. “ಅಳಿಯನ್ನ ನೋಡಾಕ ಹೋಗಿ ಇದನ್ನ ತಂದ್ರ್ಯಾ?”

“ಗೋವಾ ಶ್ರೀಮಂತ ಐತಿ. ಆದ್ರ ಆ ಮನಿ ಮಾತ್ರ ಗೋವಾದಾಗಿಲ್ಲ ನೋಡ,” ಎಂದ ಅವನು, ಭಾರೀ ದುಃಖದಿಂದ.

ಸುಮೇರಾ ಬಿದ್ದು ಬಿದ್ದು ನಕ್ಕಳು. “ಅದಕ್ಕ ಸರಾಸರಿ ಅಂತಾರ, ಅಬ್ಬಾ. ರಾಜ್ಯದ್ದು ಬ್ಯಾರೆ, ಮನೀದು ಬ್ಯಾರೆ.”

ಸಂಬಂಧ ಅಲ್ಲಿಗೇ ಬಿತ್ತು. ಆದರೂ ವಾರದೊಳಗೆ ಮಡಗಾಂವದಿಂದ ಹುಡುಗನ ತಂದೆಯ ಫೋನು: ನಮ್ಮ ಬೆಕ್ಕು ಎಲ್ಲಿ?

“ಕದ್ದಿಲ್ರಿ. ಹೊಟ್ಟಿಪಾಡಿಗೆ ವಲಸೆ ಬಂದೈತಿ.”

“ಹಂಗಾದ್ರ ಇಷ್ಟ ದಿನ ನಾವು ಹಾಕಿದ ಊಟದ ರೊಕ್ಕ?”

ಅಲ್ಲಾಭಕ್ಷ ನಗು ತಡೆಯಲಾರದೆ ಫೋನನ್ನು ಮಗಳ ಕೈಗೆ ತುರುಕಿ ಹೊರಗೋಡಿದ. ಸುಮೇರಾ ಬಹಳ ಮರ್ಯಾದೆಯಿಂದ “ಯಾವ ಊಟ್ರಿ?” ಎಂದು ಕೇಳಿದಳು. ಆ ಕಡೆ ಫೋನು ಕಟ್ಟಾಯಿತು.

ಈಗ ಅವಳು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಳೆ. ಪ್ರವೇಶಕ್ಕೆ ಅಬ್ಬಾನೇ ಲಾರಿಯಲ್ಲಿ ಕರೆದೊಯ್ದ, ಇಡೀ ದಾರಿ ಹಾಡುತ್ತ.