ಡ್ರೆಸ್ಸಿಂಗ್ ರೂಮಿನಲ್ಲಿ ಕೇಳಿದ ಫೈನಲ್

ಕೊರೊನಾ ಮುಗಿದು ಕಾಲೇಜುಗಳು ಸರಿಯಾಗಿ ನಡೆಯತೊಡಗಿದ ಎರಡನೆಯ ವರ್ಷ. ಆಗ ನಾನು ದೊಡ್ಡಬಳ್ಳಾಪುರದ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ಹೆಸರಿಗೆ ನಿರ್ದೇಶಕಿ, ಅಷ್ಟೇ. ಇಡೀ ಕ್ರೀಡಾ ವಿಭಾಗಕ್ಕೆ ಇದ್ದವಳು ನಾನೊಬ್ಬಳೇ. ಸಹಾಯಕ ಕೋಚ್ ಎಂಬ ಪ್ರಾಣಿಯನ್ನು ನನ್ನ ಸರ್ವಿಸಿನಲ್ಲಿ ನಾನು ಕಂಡಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನ್ನದು ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಕೋಪ. ನಾನು ಹುಟ್ಟಿದ್ದು ಮಗ್ಗದ ಮನೆಯಲ್ಲಿ. ನಾಲ್ಕು ಪವರ್‌ಲೂಮ್ ಒಟ್ಟಿಗೆ ಓಡುವಾಗ ಉಪ್ಪು ಕೊಡು ಅನ್ನುವುದಕ್ಕೂ ಕಿರುಚಬೇಕು. ಅಪ್ಪ ಊಟಕ್ಕೆ ಕೂತಲ್ಲಿಂದಲೇ ಕಿವಿಗೊಟ್ಟು, "ಮೂರನೇದು ನಿಂತೈತೆ, ಎಳೆ ಕಿತ್ತಿರ್ಬೇಕು ನೋಡು" ಅನ್ನುತ್ತಿದ್ದರು. ಹೋಗಿ ನೋಡಿದರೆ ಕಿತ್ತೇ ಇರುತ್ತಿತ್ತು. ಗಂಟಲು, ಕಿವಿ ಎರಡೂ ನನಗೆ ಆ ಮನೆಯಿಂದ ಬಂದವು. ಗಂಟಲು ಇಡೀ ನೌಕರಿಗೆ ಆಯಿತು. ಕಿವಿ ಕೆಲಸಕ್ಕೆ ಬಂದದ್ದು ಒಂದೇ ಸಲ, ಆ ಕಥೆಯೇ ಇದು.

ನಮ್ಮ ಬ್ಯಾಸ್ಕೆಟ್‌ಬಾಲ್ ಅಂಕಣ ಕಾಲೇಜಿನ ಹಿಂಬದಿಯಲ್ಲಿತ್ತು. ಯಾವುದೋ ಕಾಲದಲ್ಲಿ ಹಾಕಿದ ಕಾಂಕ್ರೀಟು. ಪಕ್ಕದ ಹೊಂಗೆಮರದ ಬೇರು ನುಗ್ಗಿ ಅಲ್ಲಲ್ಲಿ ಎದ್ದಿತ್ತು, ಮಿಕ್ಕ ಕಡೆ ಬಿರುಕು. ಬ್ಯಾಸ್ಕೆಟ್‌ಬಾಲಿನಲ್ಲಿ ಚೆಂಡು ಹಿಡಿದುಕೊಂಡು ಓಡುವ ಹಾಗಿಲ್ಲ, ನೆಲಕ್ಕೆ ಪುಟಿಸುತ್ತಲೇ ಸಾಗಬೇಕು. ಇದಕ್ಕೆ ಡ್ರಿಬಲ್ ಅನ್ನುತ್ತಾರೆ. ನಮ್ಮ ನೆಲದ ಮೇಲೆ ಡ್ರಿಬಲ್ ಮಾಡಿದರೆ ಚೆಂಡು ಬಿರುಕಿಗೆ ಬಡಿದು ಎತ್ತಲೋ ಹಾರುತ್ತಿತ್ತು. ಜೊತೆಗೆ ಸುಗ್ಗಿ ಬಂದರೆ ಪಕ್ಕದ ಹೊಲದ ಮುನಿಯಪ್ಪನವರು ಅರ್ಧ ಅಂಕಣಕ್ಕೆ ರಾಗಿ ಹರವಿಬಿಡುತ್ತಿದ್ದರು. ನಾನು ಜಗಳಕ್ಕೆ ನಿಂತರೆ, "ಅರ್ಧ ನಿಮ್ಗೆ, ಅರ್ಧ ನಮ್ ರಾಗಿಗೆ. ಹುಡ್ಗೀರು ಕೈಯಿಂದ ಕೈಗೆ ಹಾಕ್ಕೊಂಡು ಆಡ್ಲಿ ಬುಡಿ ಮೇಡಮ್ಮಾ" ಅನ್ನುತ್ತಿದ್ದರು. ಪುಣ್ಯಾತ್ಮ ತಮಾಷೆಗೆ ಹೇಳಿದ್ದೇ ನಮ್ಮ ಆಟವಾಯಿತು. ನನ್ನ ಹುಡುಗಿಯರು ಚೆಂಡನ್ನು ನೆಲಕ್ಕೆ ಮುಟ್ಟಿಸುತ್ತಲೇ ಇರಲಿಲ್ಲ. ಹಿಡಿ, ಎಸೆ, ಓಡು, ಮತ್ತೆ ಹಿಡಿ. ನುಣುಪಾದ ಮರದ ನೆಲದ ಮೇಲೆ ಆಡಿ ಬೆಳೆದ ಪಟ್ಟಣದ ತಂಡಗಳಿಗೆ ಚೆಂಡು ಯಾರ ಕೈಯಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಅದು ಬುಟ್ಟಿಯೊಳಗೆ ಬಿದ್ದಿರುತ್ತಿತ್ತು.

ಹಿಂದಿನ ವರ್ಷ ಅಂತರ ಕಾಲೇಜು ಟೂರ್ನಮೆಂಟಿನ ಫೈನಲ್‌ವರೆಗೂ ಹೋಗಿದ್ದೆವು. ಕೊನೆಯ ನಿಮಿಷದಲ್ಲಿ ಎರಡೂ ಕಡೆ ಸಮ. ರೆಫ್ರಿ ಕೊಟ್ಟ ಒಂದು ತೀರ್ಪಿಗೆ ನಾನು ಬೆಂಚಿನಿಂದ ಎದ್ದು, "ಕಣ್ಣು ಮನೇಲಿ ಬಿಟ್ಟು ಬಂದಿದೀರೇನ್ರೀ?" ಎಂದು ಕೂಗಿದೆ. ಇಂಥ ಅಶಿಸ್ತಿಗೆ ಟೆಕ್ನಿಕಲ್ ಫೌಲ್ ಬೀಳುತ್ತದೆ. ಎದುರು ತಂಡಕ್ಕೆ ಯಾರೂ ಅಡ್ಡ ಬರದ ಒಂದು ಎಸೆತ ಸಿಗುತ್ತದೆ. ಅವರು ಅದನ್ನು ಹಾಕಿದರು. ನಾವು ಸೋತದ್ದು ಅದೇ ಒಂದು ಪಾಯಿಂಟಿನಿಂದ.

ಬಸ್ಸಿನಲ್ಲಿ ವಾಪಸು ಬರುವಾಗ ಯಾರೂ ನನ್ನ ಮುಖ ನೋಡಲಿಲ್ಲ. ಭವ್ಯ ಮಾತ್ರ ಪಕ್ಕಕ್ಕೆ ಬಂದು ಕೂತಳು. ರಾಜಘಟ್ಟದ ಹುಡುಗಿ, ರೈತರ ಮನೆಯವಳು, ನೋಡಲು ಕುಳ್ಳಿ, ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಓಡುವವಳು. ಊರು ಬರುವವರೆಗೂ ಅಲ್ಲೇ ಕೂತಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಾನು ಹೇಳಹೊರಟ ವರ್ಷ ಆ ಭವ್ಯಳೇ ನಾಯಕಿ. ಡಿಗ್ರಿಯ ಕೊನೆಯ ವರ್ಷ. ಪರೀಕ್ಷೆ ಮುಗಿದ ಕೂಡಲೇ ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. "ಆಮೇಲೆ ಚೆಂಡು ಮುಟ್ತೀನೋ ಇಲ್ವೋ ಗೊತ್ತಿಲ್ಲ ಮೇಡಂ. ಈ ಸಲ ಕಪ್ ತಗೊಂಡೇ ಹೋಗ್ಬೇಕು" ಎಂದು ಮೊದಲ ದಿನವೇ ಹೇಳಿದ್ದಳು. ಅವಳಿಗಿದ್ದದ್ದು ಅದೊಂದೇ ಅವಕಾಶ. ಹಿಂದಿನದನ್ನು ಕಳೆದವಳು ನಾನು. ಆ ವರ್ಷ ಪೂರ್ತಿ ನನಗೆ ಇದ್ದಲ್ಲಿ ಇರಲಾಗುತ್ತಿರಲಿಲ್ಲ. ಸ್ಟಾಫ್‌ರೂಮಿನಲ್ಲಿ ಕೂತರೆ ಕಾಲು ಅಲ್ಲಾಡುತ್ತಿತ್ತು, ಮಲಗಿದರೆ ರೆಫ್ರಿಯ ಸೀಟಿ ಕೇಳಿಸುತ್ತಿತ್ತು.

ಎರಡು ವಾರ ಅಭ್ಯಾಸ ಆದಮೇಲೆ ಭವ್ಯ ಸ್ಟಾಫ್‌ರೂಮಿನ ಬಾಗಿಲಿಗೆ ಬಂದಳು.

"ಮೇಡಂ, ಶನಿವಾರದ ಪ್ರಾಕ್ಟೀಸ್‌ಗೆ ನೀವು ಬರ್ಬೇಡಿ."

"ಯಾಕಮ್ಮಾ? ನಾನೇನು ನಿಮ್ಮನ್ನ ತಿಂದ್ಬಿಡ್ತೀನಾ?"

"ಬೇಜಾರು ಮಾಡ್ಕೋಬೇಡಿ. ನೀವು ಇಲ್ದಿದ್ರೂ ಆಡೋದು ಅಭ್ಯಾಸ ಆಗ್ಲಿ ಅಂತ. ಹೋದ್ ವರ್ಷ ನಿಮ್ಗೆ ಫೌಲ್ ಬಿದ್ದಾಗ ನಮ್ಗೆ ಕೈಕಾಲೇ ಆಡ್ಲಿಲ್ಲ."

ನೆತ್ತಿಗೇರಿತು. ಚೆಂಡು ಹಿಡಿಯುವುದನ್ನು ಕಲಿಸಿದವಳಿಗೇ ಬರಬೇಡಿ ಎನ್ನುತ್ತಾಳಲ್ಲ ಎಂದು ಉರಿದುಹೋಯಿತು. "ನಿಮ್ಮಿಷ್ಟ, ನೀವೇ ಆಡ್ಕೊಳ್ಳಿ, ನೀವೇ ಗೆದ್ಕೊಳ್ಳಿ" ಎಂದು ಪೆನ್ನು ಬಿಸಾಡಿದೆ. ಅವಳು ಪೆನ್ನು ಎತ್ತಿ ಟೇಬಲ್ ಮೇಲಿಟ್ಟು ಹೋದಳು.

ಬರಬೇಡಿ ಅಂದರೆ ಮನೆಯಲ್ಲಿ ಇರುವ ಜಾಯಮಾನವೇ ನನ್ನದು? ಶನಿವಾರ ಸಂಜೆ ಕಾಲೇಜಿನ ಕಾಂಪೌಂಡಿನ ಆಚೆ ಮಣ್ಣುದಾರಿಯಲ್ಲಿ ವಾಕಿಂಗ್ ನೆಪದಲ್ಲಿ ಹೋಗಿ ನಿಂತೆ. ಗೋಡೆ ಎತ್ತರ, ಏನೂ ಕಾಣದು. ಕಿವಿಯೊಂದೇ ದಿಕ್ಕು. ಎರಡು ಗುಂಪಾಗಿ ಆಡುತ್ತಿದ್ದರು. ಹೊಸದಾಗಿ ಸೇರಿದ ಹುಡುಗಿಯರ ಕಡೆ ಚೆಂಡು ಬಂದರೆ ನೆಲಕ್ಕೆ ಧಬ್ ಧಬ್ ಎನ್ನುತ್ತಿತ್ತು. ಹಳಬರ ಕಡೆ ಹೋದರೆ ಸದ್ದು ನಿಂತು, ಅಂಗೈಗೆ ಚೆಂಡು ತಾಗುವ ಸಣ್ಣ ಶಬ್ದ ಮಾತ್ರ. ನಾಲ್ಕು ಶನಿವಾರ ಕಳೆಯುವಷ್ಟರಲ್ಲಿ ಗೋಡೆಯಾಚೆ ಏನು ನಡೆಯುತ್ತಿದೆ ಎಂದು ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳಾಗಿದ್ದೆ. ಬೈಯುವವರಿಲ್ಲದ ದಿನ ಅವರು ಇನ್ನೂ ಚೆನ್ನಾಗಿ ಆಡುತ್ತಿದ್ದರು ಎಂಬುದೂ ತಿಳಿಯಿತು. ಅದನ್ನು ಒಪ್ಪಿಕೊಳ್ಳಲು ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಟೂರ್ನಮೆಂಟು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಒಳಾಂಗಣದಲ್ಲಿ ನಡೆಯಿತು. ನಾನು ಬಾಯಿಗೆ ಬೀಗ ಹಾಕಿಕೊಂಡು, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದೆ. ಹುಡುಗಿಯರು ನೀರು ಕುಡಿಯಲು ಬಂದಾಗಲೆಲ್ಲ ನನ್ನ ಕೈ ನೋಡಿ ಮುಸಿಮುಸಿ ನಗುತ್ತಿದ್ದರು. ಮೂರು ಪಂದ್ಯ ಹಾಗೇ ಗೆದ್ದೆವು. ಫೈನಲ್ ಆತಿಥೇಯ ಕಾಲೇಜಿನ ಮೇಲೆ. ಗ್ಯಾಲರಿ ತುಂಬ ಅವರದೇ ವಿದ್ಯಾರ್ಥಿಗಳು. ನಮ್ಮ ಪರವಾಗಿ ಕೂಗಲು ಒಂದು ನರಪಿಳ್ಳೆಯೂ ಇರಲಿಲ್ಲ.

ಮೂರನೆಯ ಕ್ವಾರ್ಟರಿನಲ್ಲಿ ನನ್ನ ಕೈ ತೊಡೆಯ ಕೆಳಗಿನಿಂದ ಹೊರಬಂತು. ನಮ್ಮ ಒಂದು ಒಳ್ಳೆಯ ಬುಟ್ಟಿಯನ್ನು ರೆಫ್ರಿ ರದ್ದು ಮಾಡಿದಾಗ ಬೆಂಚಿಗೆ ಗುದ್ದಿ ಕೂಗಿಕೊಂಡೆ. ಒಂದು ಟೆಕ್ನಿಕಲ್. ಕೋಚಿಗೆ ಎರಡು ಬಿದ್ದರೆ ಆಟದಿಂದಲೇ ಹೊರಕ್ಕೆ. ಭವ್ಯ ದೂರದಿಂದ ಒಮ್ಮೆ ನೋಡಿದಳು, ಅಷ್ಟೇ. ನಾಚಿಕೆಯಿಂದ ಮೈ ಹಿಡಿಯಾಯಿತು.

ಕೊನೆಯ ಕ್ವಾರ್ಟರ್, ಒಂದು ನಿಮಿಷ ಇಪ್ಪತ್ತು ಸೆಕೆಂಡು ಉಳಿದಿದೆ. ನಾವು ನಲವತ್ತೇಳು, ಅವರು ನಲವತ್ತಾರು. ಅವರ ಎತ್ತರದ ಹುಡುಗಿ ಮೊಣಕೈ ಬೀಸಿದಳು, ಭವ್ಯ ಮುಖ ಹಿಡಿದುಕೊಂಡು ಕೆಳಗೆ ಬಿದ್ದಳು. ಸೀಟಿ ಬರಲಿಲ್ಲ. ನಾನು ಯಾವಾಗ ಎದ್ದೆ, ಯಾವಾಗ ಅಂಕಣದ ನಡುವೆ ಹೋಗಿ ನಿಂತೆ ಎಂಬುದು ಇವತ್ತಿಗೂ ನೆನಪಿಲ್ಲ. ರೆಫ್ರಿ ಎರಡೂ ಕೈ ಜೋಡಿಸಿ 'ಟಿ' ಆಕಾರ ತೋರಿಸಿದಾಗಲೇ ಎಚ್ಚರವಾದದ್ದು.

ಅಯ್ಯೋ, ಮತ್ತೆ ಅದೇ ತಪ್ಪು. ಅದೇ ಫೈನಲ್, ಅದೇ ಬಾಯಿ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಹಾಯಕ ಕೋಚ್ ಇಲ್ಲದಿದ್ದರೆ ನಿಯಮದ ಪ್ರಕಾರ ನಾಯಕಿಯೇ ಕೋಚ್. ಭವ್ಯ ತುಟಿಯ ರಕ್ತ ಒರೆಸಿಕೊಂಡು ಬಂದಳು. ಅವಳ ಕಣ್ಣು ನೋಡುವ ಧೈರ್ಯ ನನಗಿರಲಿಲ್ಲ.

"ಹೋಗ್ಬನ್ನಿ ಮೇಡಂ," ಅಂದಳು. "ಇವತ್ತು ಶನಿವಾರ ಅಂದ್ಕೊತೀವಿ."

ಹೊರಹಾಕಿದ ಕೋಚ್ ಡ್ರೆಸ್ಸಿಂಗ್ ರೂಮಿನಲ್ಲಿ ಇರಬೇಕು. ಅದು ಗ್ಯಾಲರಿಯ ಕೆಳಗಿನ ಕಿಟಕಿಯಿಲ್ಲದ ಕೋಣೆ. ಬಾಗಿಲು ಮುಚ್ಚಿಕೊಳ್ಳುವಾಗಲೇ ತಲೆಯ ಮೇಲೆ ಹೋ ಎಂದು ಗದ್ದಲವೆದ್ದಿತು. ಅವರ ಎಸೆತ ಬಿದ್ದಿದೆ. ನಲವತ್ತೇಳು, ನಲವತ್ತೇಳು. ನಾನು ಈ ಗೋಡೆಯಿಂದ ಆ ಗೋಡೆಗೆ ಓಡಾಡತೊಡಗಿದೆ, ಆರು ಹೆಜ್ಜೆ ಅತ್ತ, ಆರು ಹೆಜ್ಜೆ ಇತ್ತ.

ಧಬ್ ಧಬ್ ಧಬ್. ಅವರ ಕೈಯಲ್ಲಿದೆ. ಮತ್ತೆ ಗದ್ದಲ. ಅವರಿಗೆ ಎರಡು ಪಾಯಿಂಟು.

ಆಮೇಲೆ ಸದ್ದು ನಿಂತಿತು. ಮಗ್ಗದ ಮನೆಯಲ್ಲಿ ಸದ್ದು ನಿಂತರೆ ಎದೆ ಧಸಕ್ಕೆನ್ನುತ್ತದೆ, ಏನೋ ಕಿತ್ತಿದೆ ಎಂದು ಅರ್ಥ. ಇಲ್ಲಿ ಸದ್ದು ನಿಂತಿದೆ ಎಂದರೆ ಚೆಂಡು ನಮ್ಮವರ ಕೈಯಲ್ಲಿದೆ! ನಾನು ಓಡಾಟ ನಿಲ್ಲಿಸಿ ಬಾಗಿಲಿಗೆ ಕಿವಿ ಹಚ್ಚಿದೆ. ಬೂಟಿನ ಕಿರ್ ಕಿರ್ ಬಿಟ್ಟರೆ ಏನೂ ಇಲ್ಲ. ಮತ್ತೆ ಧಬ್ ಧಬ್ ಶುರುವಾಯಿತು. ಬುಟ್ಟಿಗೆ ಹಾಕಿ ಚೆಂಡು ಕೊಟ್ಟರೋ, ಹಾಕಲಾಗದೆ ಕಳೆದುಕೊಂಡರೋ? ನಮಗೆ ಬಿದ್ದರೆ ಕೂಗುವವರು ಆ ಗ್ಯಾಲರಿಯಲ್ಲಿ ಯಾರಿದ್ದರು? ತಿಳಿಯುವ ದಾರಿಯೇ ಇರಲಿಲ್ಲ. "ಏಳ್ರೇ, ಓಡ್ರೇ" ಎಂದು ಖಾಲಿ ಕೋಣೆಯಲ್ಲಿ ಗೊಣಗಿಕೊಳ್ಳುತ್ತಿದ್ದೆ.

ಗ್ಯಾಲರಿಯಿಂದ ಒಂದು ದೊಡ್ಡ "ಛೇ" ಬಂತು. ಅವರದು ತಪ್ಪಿದೆ. ಧಬ್ ಧಬ್ ನಿಂತಿತು. ನಾನು ಎಣಿಸತೊಡಗಿದೆ. ಚೆಂಡು ಸಿಕ್ಕ ತಂಡ ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. ಐದು, ಆರು. ಸದ್ದಿಲ್ಲ. ಹನ್ನೆರಡು. ಸದ್ದಿಲ್ಲ. ಹದಿನೆಂಟು, ಹತ್ತೊಂಬತ್ತು. ಎಸೀರೇ ಎಂದು ಕೂಗಲು ಬಾಯಿ ತೆರೆದವಳು ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡೆ. ಆಟ ಮುಗಿದ ಹಾರ್ನ್ ಉದ್ದಕ್ಕೆ ಕೂಗಿತು.

ಆಮೇಲೂ ಸದ್ದಿಲ್ಲ. ಇಡೀ ಗ್ಯಾಲರಿ ಉಸಿರೆತ್ತಲಿಲ್ಲ. ಅದರ ಅರ್ಥ ನನಗೆ ಹೊಳೆಯುವ ಮೊದಲೇ ಬಾಗಿಲು ಧಡಾರನೆ ತೆರೆದು ಹನ್ನೊಂದು ಹುಡುಗಿಯರು ನನ್ನ ಮೇಲೆ ಬಿದ್ದರು. ಐವತ್ತೊಂದು, ನಲವತ್ತೊಂಬತ್ತು.

ಭವ್ಯ ಕೊನೆಯಲ್ಲಿ ಬಂದಳು. ತುಟಿ ಊದಿತ್ತು, ಕೈಯಲ್ಲಿ ಚೆಂಡು. "ಈಗ ಎಷ್ಟ್ ಬೇಕಾದ್ರೂ ಕೂಗಿ ಮೇಡಂ, ಯಾರೂ ಫೌಲ್ ಕೊಡಲ್ಲ" ಅಂದಳು. ನಾನು ಬಾಯಿ ತೆರೆದೆ. ಜೀವನದಲ್ಲಿ ಮೊದಲ ಸಲ ಗಂಟಲು ಬರಲಿಲ್ಲ. ಅಳು ಬಂತು.

"ನಿಮ್ ಮೇಡಮ್ಮನ್ನ ಹೊರಗೆ ಹಾಕಿದ್ರಲ್ಲಮ್ಮ, ಹೆದರ್ಲಿಲ್ವಾ?" ಎಂದು ವಾಪಸು ಬರುವಾಗ ಬಸ್ಸಿನಲ್ಲಿ, ಯಾರೋ ಬೇರೆಯವರು ಕೇಳುವ ಹಾಗೆ ನನ್ನನ್ನೇ ಅಣಕಿಸಿಕೊಂಡು ಭವ್ಯಳನ್ನು ಕೇಳಿದೆ. ಭವ್ಯ ನಕ್ಕಳು. "ಹೆದರಿಕೆ ಯಾಕೆ? ಶನಿವಾರ ಕಾಂಪೌಂಡ್ ಹಿಂದೆ ಇರ್ತಿದ್ರಲ್ಲ, ಹಂಗೇ ಇಲ್ಲೂ ಗೋಡೆ ಹಿಂದೆ ಇದೀರ ಅಂದ್ಕೊಂಡ್ವಿ."

"ನಾನಲ್ಲಿ ಇರ್ತಿದ್ದೆ ಅಂತ ಯಾರೇ ಹೇಳಿದ್ದು?"

"ನಿಮ್ ಕೆಮ್ಮು ಊರಿಗೆಲ್ಲ ಕೇಳ್ಸುತ್ತೆ ಮೇಡಂ."

ಕಲಿಸುವ ಕೆಲಸವೆಂದರೆ ಪಕ್ಕದಲ್ಲಿ ನಿಂತು ಹೇಳುತ್ತಲೇ ಇರುವುದು ಎಂದು ನಾನು ನಂಬಿದ್ದೆ. ನನ್ನನ್ನು ಬಿಟ್ಟು ಆಡುವುದನ್ನು ಆ ಹುಡುಗಿಯರು ತಾವಾಗಿ ಕಲಿತರು, ನಾನು ಕಲಿಸಬೇಕಾಗಿದ್ದೂ ಅದನ್ನೇ. ಭವ್ಯ ಈಗ ದಾಬಸ್‌ಪೇಟೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ನಾನು ಕಳೆದ ವರ್ಷ ನಿವೃತ್ತಳಾದೆ. ಕಾಲೇಜಿಗೆ ಹೊಸ ನಿರ್ದೇಶಕಿ ಬಂದಿದ್ದಾರೆ. ಶನಿವಾರ ಸಂಜೆ ಕಾಲು ತಾನಾಗಿ ಆ ಮಣ್ಣುದಾರಿಗೆ ಎಳೆಯುತ್ತದೆ. ಗೋಡೆಯಾಚೆ ಧಬ್ ಧಬ್ ನಿಂತು ಸದ್ದಡಗಿದಾಗ ನಾನೂ ನಿಲ್ಲುತ್ತೇನೆ. ಕೆಮ್ಮು ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತೇನೆ.